‘ಸಡನ್ಲಿ’ಯನ್ನು ನಂಬದ ಮುಂಚೆಮ್ಮ

ಅವರು ಮೊದಲ ಸಲ ಲಾಂಡ್ರಿಗೆ ಬಂದದ್ದು ಮುಂಬಾಗಿಲಿನಿಂದಲ್ಲ, ಒದ್ದೆ ಬಟ್ಟೆಯ ಗಾಡಿಗಳು ಓಡಾಡುವ ಹಿಂಬಾಗಿಲಿನಿಂದ. ಸೋಮವಾರ, ಬೆಳಿಗ್ಗೆ ಹತ್ತು ದಾಟಿ ಐದಾರು ನಿಮಿಷ. ಗಾಜಿನ ಗೋಡೆಯ ಈಚೆ ಕೂತು ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಪಟ್ಟಿ ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿದಾಗ ಕಂಡದ್ದು ಅವರ ಬೆನ್ನು. ಐವತ್ತು ದಾಟಿದ ಹೆಂಗಸು. ಹೆಗಲಿಗೆ ಬಟ್ಟೆಯ ಚೀಲ, ಅದರ ಒಂದು ಹಿಡಿಕೆಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ತಿರುಗಿಸಿ ಕಟ್ಟಿಕೊಂಡಿದ್ದರು. ಯಾರನ್ನೂ ಮಾತಾಡಿಸದೆ ಇಸ್ತ್ರಿ ರೋಲರಿನ ಎದುರು ನಿಂತು ಒಂದಾದ ಮೇಲೊಂದು ಎಂಟು ಹೊದಿಕೆಗಳು ಒಳಗೆ ಹೋಗುವುದನ್ನು ನೋಡಿದರು. ಆಮೇಲೆ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದರು.

ಗುಮಾಸ್ತ ಕುರ್ಚಿ ತೋರಿಸಿದ. ಅವರು ಅದರಲ್ಲಿ ಕೂರಲಿಲ್ಲ. ಬಾಗಿಲ ಪಕ್ಕದ ಸ್ಟೂಲನ್ನು ಎಳೆದುಕೊಂಡು, ಅವನೂ ಕಾಣಬೇಕು ರೋಲರೂ ಕಾಣಬೇಕು ಅನ್ನುವ ಹಾಗೆ ಓರೆಯಾಗಿ ಕೂತರು. ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ಶುಕ್ರವಾರ ಅವನೇ ಬರೆದು ಕಳಿಸಿದ ಅಪಘಾತದ ಫಾರಂ. ಮೂರನೇ ಸಾಲಿನ ಒಂದು ಪದದ ಮೇಲೆ ಬೆರಳಿಟ್ಟರು.

“ಈ ‘ಸಡನ್ಲಿ’ ಯಾರದು?”

“ಯಾರದು ಅಂದ್ರೆ?”

“ಗಾಯ ಆದೋರು ಹೇಳಿದ್ದಾ, ನೋಡಿದೋರು ಹೇಳಿದ್ದಾ, ಬರೆದೋರು ಹಾಕಿದ್ದಾ?”

“ನಡೆದದ್ದನ್ನ ಬರೆದಿದ್ದೀನಿ ಮೇಡಂ.”

“ನೀವು ಅಲ್ಲಿದ್ರಾ?”

“ಇಲ್ಲ. ಇಲ್ಲೇ ಕೂತಿದ್ದೆ.”

“ಹಾಗಾದ್ರೆ ಅದು ಸಡನ್ಲಿ ಆಯ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಅವರು ಚೀಲದಿಂದ ಮೊಂಡು ಪೆನ್ಸಿಲ್ ತೆಗೆದು ಆ ಪದದ ಮೇಲೆ ತೆಳ್ಳಗೆ ಒಂದು ಗೀಟು ಹಾಕಿದರು. ಬಿಳಿ ಹಾಳೆಯೊಂದನ್ನು ಅವನ ಮುಂದೆ ಸರಿಸಿ, “ಅದಕ್ಕೆ ಮುಂಚೆ ಏನಾಯ್ತು, ಹೇಳಿ” ಅಂದರು.

ಅವತ್ತು ಮಧ್ಯಾಹ್ನದೊಳಗೆ ಅವರು ಒಗೆಯುವ ಡ್ರಮ್ಮಿನವರನ್ನು, ಮಡಿಸುವವರನ್ನು, ಗಾಡಿ ತಳ್ಳುವವರನ್ನು, ಕೊನೆಗೆ ಬಾಗಿಲು ಕಾಯುವ ಮುದುಕನನ್ನೂ ಬಿಡದೆ ಇದೇ ಪ್ರಶ್ನೆ ಕೇಳಿದ್ದರು. ಏನು ಹೇಳಿದರೂ, “ಸರಿ, ಅದಕ್ಕೆ ಮುಂಚೆ?” ಊಟದ ಹೊತ್ತಿಗೆ ಲಾಂಡ್ರಿಯವರು ಸೇರಿ ಹೆಸರಿಟ್ಟಾಗಿತ್ತು: ಮುಂಚೆಮ್ಮ.

“ಕಾಯೋ ಮುದುಕನ್ನ ಕೇಳಿದಳಂತೆ, ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಏನ್ಮಾಡಿದ್ರಿ ಅಂತ,” ಮಡಿಸುವ ಮೇಜಿನವಳು ನಕ್ಕಳು. “ಅವನು ಹೇಳಿದನಂತೆ, ಬೀಗ ಹಾಕಿತ್ತಮ್ಮ ಅಂತ.”

ಎಲ್ಲರೂ ನಕ್ಕರು. ಗುಮಾಸ್ತನಿಗೆ ನಗು ಬರಲಿಲ್ಲ. ರೋಲರಿಗೆ ಕೈ ಸಿಕ್ಕಿ ಸುಟ್ಟುಕೊಂಡವಳು ಅವನ ಸ್ವಂತ ಅಕ್ಕ.

ಅಕ್ಕ ತಮ್ಮನ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ಅವನು. ಹಳ್ಳಿಯಿಂದ ಅವನನ್ನು ಕರೆಸಿಕೊಂಡು, ಎರಡು ಕೋಣೆಯ ಮನೆಯಲ್ಲಿ ಮೂಲೆಯೊಂದನ್ನು ಪರದೆ ಕಟ್ಟಿ ಕೊಟ್ಟು, ರೋಲರಿನ ಮುಂದೆ ನಿಂತೇ ಓದಿಸಿದವಳು ಅಕ್ಕ. ಪದವಿ ಮುಗಿದದ್ದೇ ತಡ ಮೇಸ್ತ್ರಿಯ ಹತ್ತಿರ ಹೋಗಿ, “ನನ್ನ ತಮ್ಮ ಇಂಗ್ಲಿಷ್ ಬರೀತಾನೆ” ಎಂದು ಎದೆಯುಬ್ಬಿಸಿ ಹೇಳಿ ಕೆಲಸಕ್ಕೆ ಹಚ್ಚಿದವಳೂ ಅವಳೇ. ಅಂದಿನಿಂದ ಲಾಂಡ್ರಿಯಲ್ಲಿ ಅವನ ಹೆಸರು ‘ಡಿಗ್ರಿ’. ಗಾಡಿ ತಳ್ಳುವವರು ದಾರಿ ಬಿಡಿಸುವಾಗ, “ಸರೀರಪ್ಪಾ, ಡಿಗ್ರಿ ಬರ್ತಾ ಇದೆ, ಒದ್ದೆಯಾದೀತು” ಎನ್ನುತ್ತಿದ್ದರು.

ಶುಕ್ರವಾರ ಹತ್ತೂಮುಕ್ಕಾಲಿಗೆ ಅಕ್ಕನ ಕೂಗು ಕೇಳಿ ಅವನು ಓಡಿದ್ದ. ಹೊದಿಕೆಯ ಅಂಚು ಅವಳ ಎಡಗೈಯ ಬೆರಳಿಗೆ ಸುತ್ತಿಕೊಂಡು, ರೋಲರಿನ ಪಟ್ಟಿ ಕೈಯನ್ನೂ ಸೇರಿಸಿ ಎಳೆದಿತ್ತು. ತಡೆಕಂಬಿ ತಾಗಿ ರೋಲರು ನಿಂತಿತು ನಿಜ, ಆದರೆ ಅಷ್ಟರಲ್ಲಿ ಎರಡು ಬೆರಳು ಬೆಂದಿದ್ದವು. ಭಾವ ಬಂದು ಆಸ್ಪತ್ರೆಗೆ ಕರೆದೊಯ್ದ. ಮೇಸ್ತ್ರಿ ಡಿಗ್ರಿಯನ್ನು ಗಾಜಿನ ಕೋಣೆಗೆ ಎಳೆದುಕೊಂಡು ಹೋಗಿ, “ಫಾರಂ ಈಗಲೇ ಹೋಗಬೇಕು. ಬರಿ. ಕೆಲಸಗಾರಳ ಅಜಾಗರೂಕತೆಯಿಂದ...” ಎಂದು ಶುರು ಮಾಡಿದ್ದ.

ಡಿಗ್ರಿಯ ಪೆನ್ನು ಅಲ್ಲೇ ನಿಂತಿತ್ತು. ಲಾಂಡ್ರಿಯ ನಿಯಮ ಅವನಿಗೆ ಗೊತ್ತು: ಅಜಾಗರೂಕತೆ ಎಂದು ವಿಚಾರಣೆಯಲ್ಲಿ ಠರಾವಾದರೆ ಕೆಲಸದಿಂದ ತೆಗೆಯುತ್ತಾರೆ. ಹಾಗೆ ತೆಗೆದವರನ್ನು ಬೇರೆ ಯಾವ ಲಾಂಡ್ರಿಯೂ ಒಳಗೆ ಬಿಡುವುದಿಲ್ಲ. ಅಕ್ಕನಿಗೆ ಗೊತ್ತಿದ್ದದ್ದು ಇದೊಂದೇ ಕೆಲಸ. ಅವನು ಮೆಲ್ಲಗೆ, “ಸಡನ್ಲಿ ಅಂತ ಬರೆದ್ರೆ ಸಾಕಲ್ವಾ ಸಾರ್? ಯಾರ ತಪ್ಪೂ ಅಲ್ಲ ಅಂತ ಆಗತ್ತೆ” ಅಂದ. ಮೇಸ್ತ್ರಿ ಅವನ ಮುಖವನ್ನೇ ಒಂದು ಗಳಿಗೆ ನೋಡಿ, “ಹಾಗೇ ಬರಿ” ಎಂದ. ಎಷ್ಟು ಬೇಗ ಒಪ್ಪಿಬಿಟ್ಟನಲ್ಲ ಎಂದು ಆಗ ಡಿಗ್ರಿಗೆ ಅನ್ನಿಸಲಿಲ್ಲ. ಅಕ್ಕನಿಗೆ ಕೊಡೆ ಹಿಡಿದ ಹಾಗಾಯಿತು ಎಂದೇ ಅವನ ಲೆಕ್ಕ. ಈಗ ಈ ಹೆಂಗಸು ಬಂದು ಆ ಕೊಡೆಗೇ ಗೀಟು ಹಾಕಿದ್ದಳು.

ಆಕೆ ಯಾರ ಕಡೆಯವಳು? ಕೆಲಸಗಾರರ ಅಪಘಾತ ವಿಚಾರಿಸುವ ಕಚೇರಿಯವಳು, ಸರಿ. ಆದರೆ ಸೋಮವಾರ ಮಧ್ಯಾಹ್ನ ಮೇಸ್ತ್ರಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಕೂತಿದ್ದಳು. ಒಳಗೆ ಎರಡು ಲೋಟ ಚಹಾ ಹೋದದ್ದನ್ನು ಡಿಗ್ರಿ ಕಣ್ಣಾರೆ ನೋಡಿದ್ದ. ಹೊರಗೆ ಬಂದ ಮೇಸ್ತ್ರಿ ಅವನ ಕಿವಿಯ ಹತ್ತಿರ ಬಾಗಿ, “ಜೋಪಾನ ಮಾರಾಯ. ಹೋದ ವರ್ಷ ಬೇಕರಿಯಲ್ಲಿ ಇಬ್ಬರನ್ನ ಮನೆಗೆ ಕಳಿಸಿದ ಮಹಾತಾಯಿ ಇದು. ನೀನೂ ನಿನ್ನಕ್ಕನೂ ಸಡನ್ಲಿ ಬಿಟ್ಟು ಒಂದಕ್ಷರ ಹೆಚ್ಚಿಗೆ ಆಡಬೇಡಿ” ಎಂದ.

ಮರುದಿನ ಮುಂಚೆಮ್ಮ ಮನೆಗೇ ಬಂದರು. ಅಕ್ಕ ಕಟ್ಟು ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಡಿಗ್ರಿ ರಜೆ ಹಾಕಿ ಪಕ್ಕದಲ್ಲೇ ಕಾವಲಿಗೆ ನಿಂತಿದ್ದ.

“ಆ ದಿನ ಎಷ್ಟು ಗಂಟೆಗೆ ಎದ್ರಿ?”

“ಐದಕ್ಕೆ ಅಮ್ಮಾ. ದಿನಾ ಏಳೋ ಹೊತ್ತಿಗೇ.”

“ನಿದ್ದೆ ಬಂದಿತ್ತಾ? ಮನೇಲಿ ಏನಾದ್ರೂ ಮಾತು ಗೀತು ನಡೆದಿತ್ತಾ, ಯಜಮಾನರ ಜೊತೆ?”

ಡಿಗ್ರಿಗೆ ತಡೆಯಲಾಗಲಿಲ್ಲ. “ಮೇಡಂ, ಇದಕ್ಕೂ ರೋಲರಿಗೂ ಏನು ಸಂಬಂಧ? ಅಕ್ಕ ನಿದ್ದೆಗಣ್ಣಲ್ಲಿದ್ದಳು ಅಂತ ಬರೆಯೋಕಾ?”

ಮುಂಚೆಮ್ಮ ಅವನ ಕಡೆ ತಿರುಗದೆ ಕೇಳಿದರು, “ನಿಮ್ಮ ತಮ್ಮ ಯಾವಾಗಲೂ ನಿಮ್ಮ ಪರವಾಗಿ ಉತ್ತರ ಹೇಳ್ತಾರಾ?”

“ಚಿಕ್ಕವನಿದ್ದಾಗ ಬಾಯೇ ಇರಲಿಲ್ಲ ಇವನಿಗೆ,” ಅಕ್ಕ ಅಂದಳು. “ಕಾಲೇಜಲ್ಲಿ ಹಚ್ಚಿ ಕಳಿಸಿದ್ದಾರೆ.”

ಮುಂಚೆಮ್ಮನ ಮುಖದಲ್ಲಿ ನಗುವಿನ ಗೆರೆ ಹಾದುಹೋಯಿತೋ ಏನೋ, ಡಿಗ್ರಿಗೆ ಸರಿಯಾಗಿ ಕಾಣಲಿಲ್ಲ. “ಆಮೇಲೆ?” ಎಂದರು.

“ಆಮೇಲೆ ಏನೂ ಇಲ್ಲಮ್ಮಾ. ಇಪ್ಪತ್ತನೇದೋ ಇಪ್ಪತ್ತೊಂದನೇದೋ ಹೊದಿಕೆ. ಸಡನ್ನಾಗಿ ಎಳಕೊಂಡ್ತು.” ಹಾಗೆ ಹೇಳುವಾಗ ಅಕ್ಕ ತಮ್ಮನ ಕಡೆ ಒಮ್ಮೆ ಕಣ್ಣು ಹಾಯಿಸಿದಳು. ಮುಂಚೆಮ್ಮ ಅದನ್ನೂ ನೋಡಿದರು, ಏನನ್ನೋ ಪೆನ್ಸಿಲಿನಲ್ಲಿ ಬರೆದುಕೊಂಡರು.

ಅವರನ್ನು ಬೀದಿಯ ತಿರುವಿನವರೆಗೆ ಬಿಡಲು ಅವನೇ ಹೋದ. ಮರ್ಯಾದೆಗಲ್ಲ. ಆಕೆ ಯಾವ ಗಾಡಿ ಹತ್ತುತ್ತಾಳೆ, ಲಾಂಡ್ರಿ ಯಜಮಾನರ ಕಾರೇನಾದರೂ ಅಲ್ಲಿ ನಿಂತಿದೆಯೇ ಎಂದು ನೋಡುವುದಕ್ಕೆ. ಕಾರಿರಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಅವರೇ ಮಾತು ತೆಗೆದರು.

“ಕೈ ಸಿಕ್ಕಿದ್ದು ಹತ್ತೂಮುಕ್ಕಾಲಿಗೆ. ಫಾರಂ ಮುಗಿದದ್ದು ಹನ್ನೊಂದಕ್ಕೆ. ಅಕ್ಕ ಆಗ ಆಸ್ಪತ್ರೆ ದಾರೀಲಿ. ಅವರನ್ನ ಒಂದು ಮಾತೂ ಕೇಳದೆ ಬರೆದಿದ್ದೀರಿ. ನನಗೆ ನಿಮ್ಮ ಮೇಲೇ ಅನುಮಾನ.”

“ನನ್ನ ಮೇಲಾ? ಸ್ವಂತ ಅಕ್ಕ ಅವಳು!”

“ಅದಕ್ಕೇ. ಸ್ವಂತದವರು ಅಡ್ಡ ನಿಂತಷ್ಟು ಚೆನ್ನಾಗಿ ಬೇರೆ ಯಾರೂ ಅಡ್ಡ ನಿಲ್ಲಲ್ಲ. ಸಡನ್ಲಿ ಅಂದ್ರೆ ಏನು, ಹೇಳಿ ನೋಡೋಣ.”

“ಇದ್ದಕ್ಕಿದ್ದಂತೆ. ಹಠಾತ್ತಾಗಿ.”

“ಅದು ಅರ್ಥ. ಅದು ಬಂದದ್ದು ಎಲ್ಲಿಂದ?”

ಮುಂಚೆಮ್ಮ ಬೆಂಚಿನ ಮೇಲೆ ಬೆರಳಿನಿಂದ ಎರಡು ಗೆರೆ ಎಳೆದು ತೋರಿಸಿದರು. ಆ ಪದ ಇಂಗ್ಲಿಷರ ಮನೆಯದಲ್ಲ, ಫ್ರೆಂಚರಿಂದ ಬಂದದ್ದು. ಫ್ರೆಂಚರಿಗೆ ಲ್ಯಾಟಿನ್ನಿನಿಂದ. ಅಲ್ಲಿ ಅದು ಎರಡು ತುಂಡು. ಒಂದು ತುಂಡಿಗೆ ಅಡಿಯಲ್ಲಿ ಅಂತ, ಇನ್ನೊಂದಕ್ಕೆ ಹೋಗು ಅಂತ. ಎರಡೂ ಸೇರಿದರೆ, ಕೆಳಗಿನಿಂದ ಸದ್ದಿಲ್ಲದೆ ಹತ್ತಿರ ಬರುವುದು.

“ಬೆಕ್ಕು ಬಂದ ಹಾಗೆ,” ಎಂದರು. “ಹಾರಿದ್ದನ್ನ ಮಾತ್ರ ನಾವು ನೋಡ್ತೀವಿ. ಇದ್ದಕ್ಕಿದ್ದಂತೆ ಹಾರಿತು ಅಂತೀವಿ. ಅದು ಎಷ್ಟು ಹೊತ್ತಿನಿಂದ ಗೋಡೆ ಬುಡದಲ್ಲಿ ತೆವಳ್ತಾ ಇತ್ತು ಅನ್ನೋದು ಪದದ ಹೊಟ್ಟೇಲೇ ಇದೆ. ನಾವು ಮರೆತಿದ್ದೀವಿ, ಅಷ್ಟೇ.”

ಇಷ್ಟು ಹೇಳಿದವರು ತಮ್ಮ ಮನೆಯ ಕಥೆಯನ್ನೂ ಹೇಳಿದರು, ಬಸ್ಸು ಬರಲು ಹೊತ್ತಿತ್ತು. ಅವರ ಅಪ್ಪ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವರು. ಅಟ್ಟಕ್ಕೆ ಹತ್ತುವ ಏಣಿಯ ಮೂರನೆಯ ಮೆಟ್ಟಿಲು ಸಡಿಲವಾಗಿತ್ತು. ಗಿರಣಿಯವರೆಲ್ಲರಿಗೂ ಗೊತ್ತಿದ್ದರಿಂದ ಯಾರೂ ಅದರ ಮೇಲೆ ಕಾಲಿಡುತ್ತಿರಲಿಲ್ಲ, ಎರಡರಿಂದ ನಾಲ್ಕಕ್ಕೆ ದಾಟುತ್ತಿದ್ದರು. ತಿಂಗಳುಗಟ್ಟಲೆ ಹಾಗೇ ದಾಟಿದರು. ಹೊಸಬರು ಬಂದರೆ, “ಮೂರು ಬಿಟ್ಟು ಹತ್ತು” ಎಂದು ಹೇಳಿಕೊಡುತ್ತಿದ್ದರೇ ಹೊರತು ಮೆಟ್ಟಿಲಿಗೆ ಒಂದು ಮೊಳೆ ಹೊಡೆದವರಿಲ್ಲ. ಒಂದು ದಿನ ಅಪ್ಪ ಮೂಟೆಯನ್ನು ಎದೆಗೆ ಅವಚಿಕೊಂಡು ಹತ್ತುವಾಗ ಕಾಲು ಕಾಣಲಿಲ್ಲ. ಮೆಟ್ಟಿಲು ಎಣಿಸುವುದು ತಪ್ಪಿತು. ಬಿದ್ದವರು ಮತ್ತೆ ಏಳಲಿಲ್ಲ.

“ಗಿರಣಿಯವರು ಅಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಗದದಲ್ಲಿ ಆರು ಸಾಲು ಇಂಗ್ಲಿಷಿತ್ತು. ನಾನು ಆಗ ಎಂಟನೇ ತರಗತಿ. ನನಗೆ ಓದೋಕೆ ಬಂದ ಪದಗಳನ್ನ ಓದಿದೆ, ಬಾರದ್ದನ್ನ ಕೈಮೇಲೆ ಬರಕೊಂಡು ಶಾಲೆಗೆ ಹೋದೆ. ಇಂಗ್ಲಿಷ್ ಮೇಷ್ಟ್ರು ದಪ್ಪ ನಿಘಂಟು ತೆಗೆದರು. ನಾನು ಪೂರ್ತಿ ಕಲಿತ ಮೊದಲನೇ ಇಂಗ್ಲಿಷ್ ಪದ ಅದು, ಬೇರು ಸಮೇತ. ಏಣಿ ಸಡನ್ಲಿ ಮುರಿಯಿತು ಅಂತ ಬರೆದಿದ್ರು. ಮೂರನೇ ಮೆಟ್ಟಿಲಿನ ಮಾತೇ ಇರಲಿಲ್ಲ.”

ಆಮೇಲೆ ಟೈಪಿಂಗ್ ಕಲಿತರು, ಇದೇ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದರು. ಒಂಬತ್ತು ವರ್ಷ ಬೇರೆಯವರ ವರದಿಗಳನ್ನು ಟೈಪು ಮಾಡಿದರು. ಒಂದೊಂದು ವರದಿಯಲ್ಲೂ ಆ ಪದ ಬಂದಾಗಲೆಲ್ಲ ಕೈ ತಡೆದು ನಿಲ್ಲುತ್ತಿತ್ತಂತೆ. ಪರೀಕ್ಷೆ ಕಟ್ಟಿ, ಎರಡು ಸಲ ಡುಮ್ಕಿ ಹೊಡೆದು, ಮೂರನೇ ಸಲ ಪಾಸಾಗಿ ವಿಚಾರಣೆಯವರಾದರು. ಮದುವೆ ಆಯಿತು, ಗಂಡ ಮಾತಿಗೊಮ್ಮೆ, “ಇವಳ ಹತ್ತಿರ ಹಾಲುಕ್ಕಿತು ಅಂತ ಕೂಡ ಹೇಳೋ ಹಾಗಿಲ್ಲ, ಒಲೆ ಹಚ್ಚಿದ ಹೊತ್ತು ಕೇಳ್ತಾಳೆ” ಎನ್ನುತ್ತಾನಂತೆ.

ಬಸ್ಸು ಬಂತು. ಹತ್ತುತ್ತ ತಿರುಗಿ, “ನನ್ನ ನಂಬಿ ಅಂತ ಹೇಳ್ತಾ ಇಲ್ಲ” ಎಂದರು. “ಪರೀಕ್ಷೆ ಮಾಡಿ ನೋಡಿ.”

ಡಿಗ್ರಿ ಅಕ್ಷರಶಃ ಅದನ್ನೇ ಮಾಡಿದ. ಕಥೆ ಕಟ್ಟಿ ಬಾಯಿಬಿಡಿಸುವವರನ್ನು ಅವನು ನೋಡಿದ್ದ. ಮೇಸ್ತ್ರಿಯೇ ಅದರಲ್ಲಿ ನಿಸ್ಸೀಮ. ಮನೆಯಲ್ಲಿದ್ದ ಅವನ ಪುಟ್ಟ ನಿಘಂಟಿನಲ್ಲಿ ಅರ್ಥ ಮಾತ್ರ ಇತ್ತು, ಹುಟ್ಟಿನ ಸುದ್ದಿ ಇರಲಿಲ್ಲ. ಮರುದಿನ ಊಟದ ಬಿಡುವಿನಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಓಡಿದ. ಅಲ್ಲಿ ಮೂಲೆಯ ಓರೆ ಮೇಜಿನ ಮೇಲೆ ಇಬ್ಬರು ಎತ್ತಬೇಕಾದಂಥ ನಿಘಂಟೊಂದಿತ್ತು. ಗ್ರಂಥಪಾಲಕ ಕನ್ನಡಕದ ಮೇಲಿನಿಂದ ನೋಡಿ, “ಅಷ್ಟು ಅವಸರದ ಪದ ಯಾವುದಪ್ಪಾ?” ಎಂದ.

“ಸಡನ್ಲಿ.”

“ಅದನ್ನ ಹುಡುಕೋಕೆ ಇಷ್ಟು ದೊಡ್ಡ ಪುಸ್ತಕ ಯಾಕೆ?”

ಪುಟ ಸಿಕ್ಕಿತು. ಇರುವೆಯಂಥ ಅಕ್ಷರ. ಬೆರಳಿಟ್ಟು ಓದಿದ. ಫ್ರೆಂಚ್, ಅದರ ಹಿಂದೆ ಲ್ಯಾಟಿನ್. ಅಡಿಯಲ್ಲಿ. ಹೋಗು. ಗುಟ್ಟಾಗಿ ಸಮೀಪಿಸು. ಮುಂಚೆಮ್ಮ ಹೇಳಿದ್ದರಲ್ಲಿ ಒಂದೆಳೆಯೂ ಆಚೀಚೆ ಇರಲಿಲ್ಲ. ಅವನಿಗೆ ಸಮಾಧಾನ ಆಗುವ ಬದಲು ಒಂದು ಥರ ಭಯವೇ ಆಯಿತು. ಆಕೆ ಸುಳ್ಳಿಯಲ್ಲ ಎಂದಾದರೆ, ಅಕ್ಕನ ಕೈಯ ಹತ್ತಿರಕ್ಕೆ ಏನೋ ಒಂದು ತೆವಳಿಕೊಂಡು ಬಂದಿತ್ತು. ಅದು ಬರುವಾಗ ತಾನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಗಾಜಿನ ಈಚೆ, ಪಟ್ಟಿ ಬರೆಯುತ್ತ ಕೂತಿದ್ದ.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಅದು ಹೊಳೆಯಿತು. ಹಾಸಿಗೆಯ ಹೊದಿಕೆಯನ್ನು ಅವನೂ ಭಾವನೂ ಎರಡು ಕಡೆ ಹಿಡಿದು ಮಡಿಸುತ್ತಿದ್ದರು. ಭಾವ ಇನ್ನೂ ತುದಿ ಹುಡುಕುತ್ತಿದ್ದ. ಮೊದಲೆಲ್ಲ ಈ ಕೆಲಸ ಅವನೂ ಅಕ್ಕನೂ ಮಾಡುತ್ತಿದ್ದದ್ದು. ಆಗ ಅಕ್ಕ ಲಾಂಡ್ರಿಯ ಅಭ್ಯಾಸದಂತೆ, “ಹಾಂ” ಎನ್ನುತ್ತಿದ್ದಳು. ಅವನು ತನ್ನ ತುದಿ ಸರಿಯಾಗಿ ಹಿಡಿದು “ಹೂಂ” ಎಂದ ಮೇಲೇ ಅವಳು ಜಗ್ಗಿ ಮಡಿಸುತ್ತಿದ್ದಳು. ರೋಲರಿನ ಮುಂದೆ ನಿಲ್ಲುವ ಜೋಡಿಗಳಿಗೆ ಮೊದಲ ದಿನ ಕಲಿಸುವ ಪಾಠ ಅದು: ಒಬ್ಬಳು ಹಾಂ, ಇನ್ನೊಬ್ಬಳು ಹೂಂ, ಹೂಂ ಬಾರದೆ ಅಂಚನ್ನು ರೋಲರಿನ ಬಾಯಿಗೆ ಕೊಡುವ ಹಾಗಿಲ್ಲ. ಆದರೆ ಈಚಿನ ತಿಂಗಳುಗಳಲ್ಲಿ ಅಕ್ಕ ಹಾಂ ಎನ್ನುವುದನ್ನೇ ಬಿಟ್ಟಿದ್ದಳು. ಅವನು ಹಿಡಿಯುವ ಮೊದಲೇ ಸರಕ್ಕನೆ ಜಗ್ಗುತ್ತಿದ್ದಳು, ಬಟ್ಟೆ ಅವನ ಕೈಯಿಂದ ಜಾರುತ್ತಿತ್ತು. “ನಿನ್ನ ಕೈ ಇನ್ನೂ ಕಾಲೇಜಲ್ಲೇ ಇದೆ” ಎಂದು ಬೈಯುತ್ತಿದ್ದಳು.

“ಅಕ್ಕಾ,” ಅವನು ಹೊದಿಕೆಯನ್ನು ಭಾವನ ಕೈಯಲ್ಲೇ ಬಿಟ್ಟು ಒಳಗೆ ಹೋದ. “ಹಾಂ ಹೂಂ ಹೇಳೋದು ಯಾವಾಗ ಬಿಟ್ರಿ ನೀವು?”

“ಯಾವಾಗ ಅಂದ್ರೆ? ಅದೇನು ದಿನ ನೋಡಿ ಬಿಡ್ತಾರಾ?”

“ಯಾಕೆ ಬಿಟ್ರಿ?”

ಅಕ್ಕನ ದನಿಯಲ್ಲಿ ಹೆಮ್ಮೆ ಬಂತು. “ಬೇಕಾಗಲಿಲ್ಲ. ಹನ್ನೊಂದು ವರ್ಷದಿಂದ ಒಂದೇ ಜೋಡಿ ನಾವು. ಮೊದಲು ಹಾಂ ಹೋಯ್ತು. ಆಮೇಲೆ ಹೂಂ ಒಂದೇ. ಆಮೇಲೆ ಅದೂ ಇಲ್ಲ. ಕಣ್ಣಲ್ಲೇ ಗೊತ್ತಾಗಿಬಿಡತ್ತೆ. ಕೈ ಪಳಗಿದೆ ಕಣೋ. ಬೇರೆ ಜೋಡಿಗಳೂ ಈಗ ಅಷ್ಟೇ, ಮೂಕರ ಹಾಗೆ ಹಾಕ್ತಾರೆ. ಮೇಸ್ತ್ರಿ ನಮ್ಮನ್ನ ಎಷ್ಟು ಹೊಗಳಿದ್ರು ಗೊತ್ತಾ?”

“ಎಲ್ಲರದೂ ಒಂದೇ ಸಲ ಪಳಗಿತಾ? ಹೊಸಬರದ್ದೂ?”

ಅಕ್ಕ ಕಟ್ಟಿನ ಕೈಯನ್ನೇ ನೋಡುತ್ತ ಕೂತಳು.

ಬೆಳಗಾಗುತ್ತಲೇ ಡಿಗ್ರಿ ವಿಚಾರಣೆ ಕಚೇರಿಗೆ ಹೋದ. ಬಾಗಿಲ ಹತ್ತಿರ ಎರಡು ಸಲ ಹಿಂದಿರುಗಲು ನೋಡಿದ. ಇದನ್ನು ಹೇಳಿದರೆ, ಹೇಳಿಕೊಟ್ಟ ನಿಯಮ ಬಿಟ್ಟದ್ದು ಅಕ್ಕನೇ ಎಂದು ಅವಳ ತಲೆಗೇ ಕಟ್ಟಿಬಿಟ್ಟರೆ? ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಒಳಗೆ ಹೋಗಿ ಎಲ್ಲ ಹೇಳಿದ. ‘ಸಡನ್ಲಿ’ ತಾನೇ ಸೂಚಿಸಿದ್ದು ಅಂತಲೂ, ಮೇಸ್ತ್ರಿ ಮೊದಲು ಹೇಳಿದ್ದು ಬೇರೆ ಅಂತಲೂ ಹೇಳಿದ. ಮುಂಚೆಮ್ಮ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಪೆನ್ಸಿಲ್ ಕೆಳಗಿಟ್ಟು, “ಇದನ್ನ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ. ನಿಮಗೂ ತೊಂದರೆ ಆಗಬಹುದು” ಎಂದರು. ಅವನು ಬರೆದ. ಎರಡೂವರೆ ಪುಟ ಆಯಿತು, ಆ ಪದ ಒಂದು ಸಲವೂ ಬರಲಿಲ್ಲ.

ಅದೇ ದಿನ ಹನ್ನೊಂದಕ್ಕೆ ಅವರು ಅಕ್ಕನನ್ನೂ ಕರೆಸಿ ರೋಲರಿನ ಮುಂದೆ ನಿಂತರು. ಮೇಸ್ತ್ರಿ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತ. ಅಕ್ಕನ ಜೋಡಿ, ತಲೆ ಅರ್ಧ ನರೆತ ಹೆಂಗಸು, ಬಲಗಡೆಯಲ್ಲಿ. ಅಕ್ಕನ ಎಡಗಡೆಯ ಜಾಗದಲ್ಲಿ ಮಡಿಸುವ ಮೇಜಿನವಳು. ಅಕ್ಕನನ್ನು ಅವಳ ಹಿಂದೆ ಎರಡು ಹೆಜ್ಜೆ ದೂರ ನಿಲ್ಲಿಸಿದರು.

“ಕೈ ಕೆಲಸ ಅವರದು, ಬಾಯಿ ನಿಮ್ಮದು,” ಮುಂಚೆಮ್ಮ ಅಕ್ಕನಿಗೆ ಹೇಳಿದರು. “ಮೊದಲು ಹೇಗೆ ಹೇಳ್ತಿದ್ರೋ ಹಾಗೇ ಹೇಳಿ. ಯಾರೂ ಕೈ ಮುಂದೆ ಚಾಚಬೇಡಿ. ರೋಲರು ಎಳಕೊಂಡ್ರೆ ಬಿಟ್ಟುಬಿಡಿ, ಬಟ್ಟೆ ಹರಿದ್ರೆ ಹರೀಲಿ.”

“ಬಟ್ಟೆ ಆಸ್ಪತ್ರೆಯವರದು,” ಮೇಸ್ತ್ರಿ ಗೊಣಗಿದ.

“ಬೆರಳು ಯಾರದು?” ಎಂದಳು ಮಡಿಸುವ ಮೇಜಿನವಳು.

ರೋಲರು ಹೊರಟಿತು. ಜೋಡಿಯಾಕೆ ಹೊದಿಕೆ ಕೊಡವಿ, ಅಂಚನ್ನು ಓಡುವ ಪಟ್ಟಿಗೆ ತಾಗುವಷ್ಟು ಹತ್ತಿರ ಹಿಡಿದು, “ಹಾಂ” ಎಂದಳು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಪಟ್ಟಿ ಅಂಚನ್ನು ಕಚ್ಚಿಕೊಂಡು ಎಳೆದಾಗಿತ್ತು. “ಹೂಂ” ಎನ್ನುವ ಹೊತ್ತಿಗೆ ಹೊದಿಕೆ ಒಂದು ಮೊಳ ಒಳಗೆ. ಇನ್ನೊಂದು ಹಾಕಿದರು. ಹಾಂ. ಹೂಂ ಮತ್ತೆ ಹಿಂದೆ ಬಿತ್ತು. ಮೂರನೆಯದಕ್ಕೆ ಅಕ್ಕ ಉಸಿರು ಬಿಗಿಹಿಡಿದು ಕಾದಳು, ಹಾಂ ಮುಗಿಯುವ ಮೊದಲೇ ಹೂಂ ಹಾಕಿದಳು. ಆದರೂ ತಡವಾಯಿತು. ಸುತ್ತ ನಿಂತ ಗಾಡಿಯವರು ಮೊದಲು ನಕ್ಕರು, ಆಮೇಲೆ ಹತ್ತಿರ ಸರಿದು ನೋಡಿದರು.

“ನಾವು ಪಳಗಿದ್ದಲ್ಲ,” ಅಕ್ಕ ಮೆಲ್ಲಗೆ ಅಂದಳು. ಅವಳ ಜೋಡಿಯ ಕಡೆ ನೋಡುತ್ತ ಇನ್ನೊಂದು ಸಲ ಅಂದಳು, “ನಾವು ಪಳಗಿದ್ದಲ್ಲ ಕಣೇ. ಇದು ನಮಗೆ ಮಾತಾಡೋಕೆ ಜಾಗ ಬಿಟ್ಟಿಲ್ಲ.”

ಮುಂಚೆಮ್ಮ ಮೇಸ್ತ್ರಿಯ ಕಡೆ ತಿರುಗಿದರು. “ವೇಗದ ಪೆಟ್ಟಿಗೆ ತೆಗೀರಿ.”

ರೋಲರಿನ ಪಕ್ಕದಲ್ಲಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ. ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಅವನು ಮೊದಲು ತಪ್ಪು ಬೀಗದ ಕೈ ಹಾಕಿ, ಆಮೇಲೆ ಸರಿಯಾದದ್ದು ಹುಡುಕಿ ಬೀಗ ತೆಗೆದ. ಒಳಗಿನ ತಿರುಗಣೆಯ ಮುಳ್ಳು ಏಳರ ಹತ್ತಿರ ಇತ್ತು. ಮುಂಚೆಮ್ಮ ಅದನ್ನು ಒಂದೊಂದೇ ಅಂಕಿ ಹಿಂದಕ್ಕೆ ಹಾಕಿಸಿದರು. ಆರು. ಹೂಂ ಹಿಂದೆ ಬಿತ್ತು. ಐದು. ಅಂಚಿನ ಜೊತೆಜೊತೆಗೆ ಬಂತು. ನಾಲ್ಕಕ್ಕೆ ಬಂದಾಗ ಹಾಂ, ಹೂಂ, ಆಮೇಲೆ ಹೊದಿಕೆ. ಅಕ್ಕನ ಜೋಡಿ ಕಣ್ಣೊರೆಸಿಕೊಂಡಳು.

“ನಾಲ್ಕರಿಂದ ಏಳಕ್ಕೆ ಹೋದದ್ದು ಯಾವ ದಿನ?”

“ಒಂದು ದಿನ ಅಂತ ಅಲ್ಲ ಮೇಡಂ,” ಮೇಸ್ತ್ರಿಯ ದನಿ ಇಳಿದಿತ್ತು. “ಎರಡನೇ ಆಸ್ಪತ್ರೆ ಬಟ್ಟೆ ಬರೋಕೆ ಶುರುವಾದಾಗ ಮೇಲಿನವರು ದಿನಾ ಕೇಳೋರು, ಇನ್ನೂ ಮುಗಿದಿಲ್ವಾ ಅಂತ. ವಾರಕ್ಕೊಮ್ಮೆ ಒಂದು ಕೂದಲೆಳೆಯಷ್ಟು ತಿರುಗಿಸ್ತಿದ್ದೆ. ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಗೊತ್ತೇ ಆಗಲಿಲ್ಲ. ನನಗೂ ಈಗ ಏಳು ನೋಡಿದಾಗಲೇ ಎಷ್ಟಾಗಿದೆ ಅಂತ ಗೊತ್ತಾಗಿದ್ದು.”

“ಫಾರಮ್ಮಿನಲ್ಲಿ ಅಜಾಗರೂಕತೆ ಅಂತ ಬರೆಸೋಕೆ ಹೊರಟಿದ್ರಿ.”

“ಭಯ ಆಯ್ತು ಮೇಡಂ.”

ಮುಂಚೆಮ್ಮ ಅದನ್ನೂ ಬರೆದುಕೊಂಡರು. ಭಯ ಆಯ್ತು ಅಂತಲೇ, ಅವನ ಮಾತಿನಲ್ಲೇ.

ವರದಿ ಬರಲು ಐದು ವಾರ ಹಿಡಿಯಿತು. ಆ ಐದು ವಾರವೂ ಡಿಗ್ರಿಗೆ ಅನುಮಾನ ಪೂರ್ತಿ ಹೋಗಲಿಲ್ಲ. ಲಾಂಡ್ರಿಯ ಮೇಲಿನವರು ಮುಂಚೆಮ್ಮನನ್ನು ಕರೆಸಿ ಮಾತಾಡಿರಬಹುದು, ಕೊನೆಗೆ ಕಾಗದದಲ್ಲಿ ಏನು ಬರುತ್ತೋ ಎಂದು ದಿನಾ ಟಪಾಲಿನ ಪೆಟ್ಟಿಗೆ ನೋಡುತ್ತಿದ್ದ. ಬಂತು. ಒಂಬತ್ತು ಪುಟ. ಎಂಟು ಪುಟ ಪೂರ್ತಿ ಆ ಶುಕ್ರವಾರ ಹತ್ತೂಮುಕ್ಕಾಲಿಗೆ ಮುಂಚಿನದು, ಒಂದೇ ಪುಟ ಆಮೇಲಿನದು. ಕೆಲಸಗಾರಳ ಅಜಾಗರೂಕತೆ ಇಲ್ಲ ಎಂದು ಸ್ಪಷ್ಟವಾಗಿತ್ತು. ಹಾಂ–ಹೂಂ ಹೇಳುವುದಕ್ಕೆ ಜಾಗ ಇರುವಷ್ಟಕ್ಕಿಂತ ರೋಲರು ವೇಗವಾಗಿ ಓಡಕೂಡದು, ಪೆಟ್ಟಿಗೆಗೆ ಎರಡು ಬೀಗ, ಒಂದರ ಬೀಗದ ಕೈ ಕೆಲಸಗಾರರ ಹತ್ತಿರ ಇರಬೇಕು ಎಂದಿತ್ತು. ಮೇಸ್ತ್ರಿಯನ್ನು ಒಣಗಿಸುವ ಕೋಣೆಗೆ ಹಾಕಿದರು. ಗಾಯಗೊಂಡವಳನ್ನು ಕೇಳದೆ ಫಾರಂ ಬರೆದದ್ದಕ್ಕೆ ಡಿಗ್ರಿಗೆ ಲಿಖಿತ ಎಚ್ಚರಿಕೆ ಬಂತು. ಅಕ್ಕ ಅದನ್ನು ಓದಿಸಿ ಕೇಳಿ, “ನಿನಗೆ ಸರಿಯಾಯ್ತು” ಎಂದಳು, ಆಮೇಲೆ ತನ್ನ ತಟ್ಟೆಯಿಂದ ಅರ್ಧ ಅವನ ತಟ್ಟೆಗೆ ಹಾಕಿದಳು.

ಎರಡು ಬೆರಳು ಪೂರ್ತಿ ಮಡಚಲು ಬಾರದ್ದರಿಂದ ಅಕ್ಕ ಮತ್ತೆ ರೋಲರಿಗೆ ಹೋಗಲಿಲ್ಲ. ಹೊಸದಾಗಿ ಸೇರುವ ಜೋಡಿಗಳಿಗೆ ಮೊದಲ ವಾರ ಕೆಲಸ ಕಲಿಸುತ್ತಾಳೆ. ಲಾಂಡ್ರಿಯಲ್ಲಿ ಅವಳ ಗಂಟಲೇ ದೊಡ್ಡದು.

ಮುಂಚೆಮ್ಮ ಈಗ ನಿವೃತ್ತರು. ಆದರೂ ವಾರಕ್ಕೆ ಮೂರು ದಿನ ಅದೇ ಕಚೇರಿಯ ಕೆಳಗಿನ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಹಳೆಯ ಅಪಘಾತದ ಫಾರಮ್ಮುಗಳನ್ನು ಓದುತ್ತಾರೆ. ‘ಸಡನ್ಲಿ’ ಬಂದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ, ಬದಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಬರೆಯುತ್ತಾರೆ. ಹೊಸ ವಿಚಾರಣೆಯವರು ಕೆಲಸ ಕಲಿಯುವುದು ಆ ಫಾರಮ್ಮುಗಳಿಂದ.